ಐವತ್ತು ಅಂಕದ ಗುಟುಕು

ಇದು ಮುಂಜಾನೆಯ ಸೇಂದಿ, ಇದು ಸಂಜೆಯದು ಎಂದು ಒಂದೇ ಗುಟುಕಿನಲ್ಲಿ ಹೇಳಲು ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಹಿರಿಯರಿಗೆ ಯಾರ ಪಾಠವೂ ಬೇಕಿರಲಿಲ್ಲ. ಈಚಲು ಮರದಿಂದ ಇಳಿಸಿದ ರಸ ಮೊದಲು ಸಿಹಿ. ಯೀಸ್ಟ್ ಕೆಲಸ ಮಾಡಿ ಬಿಸಿಲೇರುವಷ್ಟರಲ್ಲಿ ಅಮಲು, ಸಂಜೆಗೆ ಹುಳಿ.

ಈಗ ಬೆಂಗಳೂರಿನ ಮೈಕ್ರೊಬ್ರುವರಿಗಳಲ್ಲೂ ಸಿಗುವ ಅಮೆರಿಕದ ಪೇಲ್ ಏಲ್ ಎಂಬ ಬಿಯರಿಗಾದರೋ ಅಂಕಪಟ್ಟಿಯೇ ಇದೆ. ಅಲ್ಲಿನ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಲೆಕ್ಕದಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ತಿಳಿಯುವ ದಪ್ಪ-ತೆಳುವಿಗೆ 5, ಒಟ್ಟು ಅಭಿಪ್ರಾಯಕ್ಕೆ 10. ನೊರೆ, ಬಣ್ಣಕ್ಕೆ ಮರುಳಾಗುವವರು ಆ ಮೂರನ್ನು ಗಮನಿಸಬೇಕು!

ಈ ಬಿಯರಿನ ಜೀವಾಳ ಹಾಪ್ಸ್ ಎಂಬ ಬಳ್ಳಿಯ ಹೂವು. ಕುದಿಯ ಆರಂಭದಲ್ಲಿ ಹಾಕಿದರೆ ಕಹಿ, ಕೊನೆಯಲ್ಲಿ ಹಾಕಿದರೆ ಘಮ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಗೆ ಚಕ್ಕೋತದಂಥ ಪರಿಮಳವಿದೆ. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಕಂಪನಿ 1980ರಲ್ಲಿ ಅದರಿಂದಲೇ ಪೇಲ್ ಏಲ್ ತಯಾರಿಸಿ ಹೆಸರಾಯಿತು. ತೀರ್ಪುಗಾರನ ಮೂಗು ಹುಡುಕುವುದು ಆ ಘಮವನ್ನು. ಮಾಲ್ಟಿನ ಸಿಹಿ ಕಹಿಯಲ್ಲಿ ಮುಳುಗಿರಬಾರದು. ಹುಳಿ ಬಂದಿದ್ದರೆ ದೋಷ.

ಸೇಂದಿಯಲ್ಲಿ ಹುಳಿ ದೋಷವಲ್ಲ, ಗಡಿಯಾರ. ಅದನ್ನು ಓದುವ ನಾಲಿಗೆ ಕೆಟ್ಟಿದ್ದು ಕಲಬೆರಕೆಯಿಂದ. ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್ ಪುಡಿ ಬೆರೆತ ಮೇಲೆ ಕುಡಿಯುವವನಿಗೆ ಮತ್ತೇ ಮುಖ್ಯ, ರುಚಿಯಲ್ಲ, ಜೀವಕ್ಕೂ ಅಪಾಯ. 2004ರಲ್ಲಿ ಈ ಭಾಗದಲ್ಲಿ ಸೇಂದಿ ನಿಷೇಧವಾಯಿತು. ಪುಡಿಯ ಜೊತೆ ಮರವೇರುವ ಈಡಿಗರ ಕಸುಬೂ ಹೋಯಿತು; ನಿಷೇಧ ತೆಗೆಯಿರೆಂದು ಸಮುದಾಯ ಕೇಳುತ್ತಲೇ ಬಂದಿದೆ. ಸೇಡಂ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಅದೇ ರಸವನ್ನು ಕಲ್ಲು ಎಂಬ ಹೆಸರಿನಲ್ಲಿ ಪರವಾನಗಿ ಪಡೆದೇ ಮಾರುತ್ತಾರೆ.