ಡಬ್ಬಿಯಲ್ಲಿ ಉಳಿದ ಚೀಟಿಗಳು

ಊರಲ್ಲಿ ಅಮ್ಮಂದಿರು ಹಾಕುವ ಚೀಟಿ ಎಲ್ಲರಿಗೂ ಗೊತ್ತು. (ಹರಾಜಿನ ಚೀಟಿ ಬೇರೆ, ಅದರ ಮಾತು ಇಲ್ಲಿ ಬೇಡ.) 12 ಜನ ತಿಂಗಳಿಗೆ 500 ರೂಪಾಯಿ ಹಾಕಿದರೆ 6000 ಆಯ್ತು. ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ, ಚಿಕ್ಕ ಮಗುವಿನ ಕೈಲಿ ಒಂದನ್ನು ಎತ್ತಿಸ್ತಾರೆ. ಬಂದ ಹೆಸರನ್ನು ಮತ್ತೆ ಡಬ್ಬಿಗೆ ಹಾಕೋದಿಲ್ಲ. ಗಣಿತ ಇರೋದು ಇಲ್ಲೇ.

ಮೊದಲ ತಿಂಗಳು ನಿಮ್ಮ ಹೆಸರು ಬರುವ ಸಂಭವನೀಯತೆ 1/12. ಬರಲಿಲ್ಲ ಅನ್ನಿ, ಎರಡನೇ ತಿಂಗಳು ಉಳಿದದ್ದು 11 ಚೀಟಿ, ಆದ್ದರಿಂದ 1/11. ಎಂಟು ತಿಂಗಳೂ ಬರದಿದ್ದರೆ ಒಂಬತ್ತನೆಯದರಲ್ಲಿ 1/4. ಗ್ರಹಗತಿ ತಿರುಗಿದ್ದಲ್ಲ, ಚೀಟಿ ಕಡಿಮೆಯಾದದ್ದು.

ಹಾಗಾದ್ರೆ ತಡವಾದಷ್ಟೂ ಒಳ್ಳೆಯದಾ? ಅವಸರ ಇದ್ದವರಿಗೆ ಅಲ್ಲ. ಜನವರಿಯಲ್ಲಿ ಚೀಟಿ ಶುರುವಾಯಿತು, ಜೂನ್‌ನಲ್ಲಿ ಅಕ್ಕನ ಕಾಲೇಜಿಗೆ ಫೀಸು ಕಟ್ಟಬೇಕು. ಅಷ್ಟರೊಳಗೆ ದುಡ್ಡು ಬರುವ ಸಂಭವನೀಯತೆ 6/12, ಅಂದರೆ ಅರ್ಧಕ್ಕರ್ಧ. ಮಾರ್ಚ್ ಮುಗಿದರೂ ಬರಲಿಲ್ಲ ಅನ್ನಿ. ಈಗ ಡಬ್ಬಿಯಲ್ಲಿ 9 ಚೀಟಿ, ಜೂನ್‌ವರೆಗೆ ಎತ್ತುವುದು ಮೂರೇ ಸಲ. 3/9, ಅಂದರೆ ಮೂರರಲ್ಲಿ ಒಂದು ಪಾಲು. ತಿಂಗಳ ಲೆಕ್ಕ 1/12ರಿಂದ 1/9ಕ್ಕೆ ಏರಿತು, ಫೀಸಿನ ಲೆಕ್ಕ ಇಳಿಯಿತು! ಮಾರ್ಚ್‌ನಲ್ಲೇ ಬೇರೆ ದಾರಿ ಹುಡುಕಲು ಮನೆಯಲ್ಲಿ ಹೇಳಿ.