ಕಂಪ್ಯೂಟರಿನಲ್ಲಿ ಅಪಸ್ವರ: ನಿದಾನವೂ ಚಿಕಿತ್ಸೆಯೂ

ರೇಡಿಯೊ ಇಟ್ಟುಕೊಂಡ ಮನೆಯವರಿಗೆ ಗೊರಗೊರ ಸದ್ದು ಹೊಸದಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿತೆಂದರೆ ಇಲ್ಲಿ ವಾರ್ತೆ ಕೇಳಿಸದು. ಮಳೆಗಾಲದ ಸಂಜೆ ದೂರದಲ್ಲೆಲ್ಲೋ ಮಿಂಚಿದರೆ, ಮಧ್ಯಮ ತರಂಗದಲ್ಲಿ ಬರುತ್ತಿರುವ ಕಚೇರಿಯ ನಡುವೆ 'ಛಟ್' ಎಂದು ಸಿಡಿಯುತ್ತದೆ. ಈಗ ಎಷ್ಟೋ ಮನೆಗಳಲ್ಲಿ ರೇಡಿಯೊದ ಮಗ್ಗುಲಲ್ಲೇ ಮೇಜಿನ ಕಂಪ್ಯೂಟರೂ ಬಂದು ಕುಳಿತಿದೆ. ಹಾಡು, ಭಾಷಣ, ಮಕ್ಕಳ ಪಾಠ ಎಲ್ಲವೂ ಅದರ ಬಾಯಿಂದ ಹೊರಡುತ್ತವೆ. ಅದಕ್ಕೂ ಈ ಪೀಡೆ ತಪ್ಪಿದ್ದಲ್ಲ.

ಕನ್ನಡ ಪಾಠ ಹೇಳುವವನಿಗೆ ವಿದ್ಯುತ್ತಿನ ಮಾತೇಕೆ ಎಂದು ವಾಚಕರು ಕೇಳಬಹುದು; ಕೇಳತಕ್ಕ ಮಾತೇ. ನನ್ನ ತಂದೆಯವರು ಗಮಕ ವಾಚನ ಮಾಡುತ್ತಿದ್ದರು. ೧೯೮೬ರಲ್ಲಿ ಅವರು ಮನೆಯ ಪಡಸಾಲೆಯಲ್ಲಿ ಕುಳಿತು ಓದಿದ ಕುಮಾರವ್ಯಾಸ ಭಾರತದ ಕೆಲವು ಸಂಧಿಗಳನ್ನು ನಮ್ಮಣ್ಣ ಏಳು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದನು. ತಂದೆಯವರು ಈಗಿಲ್ಲ. ಕ್ಯಾಸೆಟ್ಟುಗಳಲ್ಲಿ ಒಂದು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಉಳಿದ ಆರನ್ನಾದರೂ ಕಂಪ್ಯೂಟರಿಗೆ ಇಳಿಸಿಡೋಣವೆಂದು, ಟೇಪ್‌ರೆಕಾರ್ಡರನ್ನು ಹಳೆಯ ಆಂಪ್ಲಿಫೈಯರಿಗೂ, ಅದನ್ನು ಕಂಪ್ಯೂಟರಿಗೂ ಜೋಡಿಸಿ ಕುಳಿತೆನು. ತಂದೆಯವರ ದನಿಯೇನೋ ಬಂತು. ಅದರ ಹಿಂದೆ ಶ್ರುತಿ ಸೇರದ ತಂಬೂರಿಯಂತೆ 'ಗುಂಯ್' ಎಂಬ ಸದ್ದೂ ಬಂತು. ಅದನ್ನು ಓಡಿಸಲು ಹೊರಟು ಕಲಿತ ಪಾಠವೇ ಈ ಲೇಖನ. ಆ ಪಾಠದಲ್ಲಿ ಒಂದು ದೊಡ್ಡ ತಪ್ಪೂ ಸೇರಿದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬುದುಂಟು. ಪಟಪಟ, ಧಗಧಗ, ಚುರುಚುರು: ಕೇಳಿದ ಸದ್ದನ್ನು ಕೇಳಿದಂತೆಯೇ ಹೇಳುವ ಶಬ್ದಗಳು ಇವು. ಕಂಪ್ಯೂಟರಿನ ರೋಗಕ್ಕೂ ಇವೇ ಲಕ್ಷಣಗಳು. 'ಸದ್ದು ಬರುತ್ತದೆ' ಎಂದಷ್ಟೇ ಹೇಳಿದರೆ ವೈದ್ಯನಿಗೆ 'ಮೈ ಸರಿಯಿಲ್ಲ' ಎಂದಂತೆ. ಅದು ಸುಯ್ ಎನ್ನುತ್ತದೆಯೋ, ಕೀಂ ಎನ್ನುತ್ತದೆಯೋ, ಚಟಪಟ ಎನ್ನುತ್ತದೆಯೋ, ಗುಂಯ್ ಎನ್ನುತ್ತದೆಯೋ ಎಂಬುದನ್ನು ಮೊದಲು ಕಿವಿಗೊಟ್ಟು ಗೊತ್ತುಮಾಡಿಕೊಳ್ಳಬೇಕು. ಅರ್ಧ ನಿದಾನ ಅಲ್ಲಿಗೇ ಮುಗಿಯಿತು.

ಅನಂತರದ ಪರೀಕ್ಷೆ, ದೋಷ ಕಂಪ್ಯೂಟರಿನೊಳಗಿದೆಯೋ ಹೊರಗಿದೆಯೋ ಎಂಬುದು. ಸ್ಪೀಕರಿನ ತಂತಿಯನ್ನು ಕಂಪ್ಯೂಟರಿನಿಂದ ಕಿತ್ತು, ಅದೇ ರಂಧ್ರಕ್ಕೆ ಒಂದು ಸಾಧಾರಣ ಇಯರ್‌ಫೋನ್ ಸಿಕ್ಕಿಸಿ ಕೇಳಿರಿ. ದನಿ ನಿರ್ಮಲವಾಗಿದ್ದರೆ ಕಂಪ್ಯೂಟರು ನಿರಪರಾಧಿ. ಸ್ಪೀಕರನ್ನೂ ತಂತಿಯನ್ನೂ ಪ್ಲಗ್ಗನ್ನೂ ವಿಚಾರಿಸಬೇಕು. ಇಯರ್‌ಫೋನಿನಲ್ಲಿಯೂ ಸದ್ದಿದ್ದರೆ ದೋಷ ಒಳಗಿನದು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ಇದನ್ನು ಮಾಡದೆ ಹೊಸ ಸ್ಪೀಕರ್ ಕೊಂಡು ತಂದು, ಹಳೆಯ ಸದ್ದನ್ನೇ ಹೊಸ ಪೆಟ್ಟಿಗೆಯಲ್ಲಿ ಕೇಳಿದವರನ್ನು ನಾನು ಬಲ್ಲೆ.

ಇನ್ನು ಒಂದೊಂದೇ ಲಕ್ಷಣವನ್ನು ನೋಡೋಣ. 'ಸುಯ್' ಎಂಬುದು ದೂರದ ಅಡ್ಡಮಳೆಯಂಥ ಸದ್ದು. ವಿದ್ಯುತ್ತು ಹರಿಯುವ ಪದಾರ್ಥಗಳಲ್ಲೆಲ್ಲ ಶಾಖದ ಕಾರಣದಿಂದ ಎಲೆಕ್ಟ್ರಾನುಗಳು ಸದಾ ಕದಲುತ್ತಿರುತ್ತವೆ. ಆ ಕದಲಿಕೆಯೇ ಹಿಗ್ಗಿ ಹೀಗೆ ಕೇಳಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜಾನ್ಸನ್ ಎಂಬವರು ಇದನ್ನು ಅಳೆದರು, ನೈಕ್ವಿಸ್ಟ್ ಎಂಬವರು ಗಣಿತದಿಂದ ವಿವರಿಸಿದರು. ಇಬ್ಬರ ಲೇಖನಗಳೂ ೧೯೨೮ರಲ್ಲಿ ಪ್ರಕಟವಾದುವು. ಇದನ್ನು ಪೂರ್ತಿ ನಿವಾರಿಸಲಾಗದು, ಅಡಗಿಸಬಹುದು. ಕಂಪ್ಯೂಟರಿನೊಳಗಿನ ಧ್ವನಿಯ ಮಟ್ಟವನ್ನು ಸಾಕಷ್ಟು ಏರಿಸಿ ಸ್ಪೀಕರಿನ ತಿರುಪನ್ನು ಇಳಿಸಿರಿ. ಇದಕ್ಕೆ ತಿರುಗಾಮುರುಗಾ ಮಾಡಿದರೆ ಸ್ಪೀಕರು ಹಾಡಿನ ಜೊತೆಗೆ ಸುಯ್ಲನ್ನೂ ಹಿಗ್ಗಿಸಿ ಕೊಡುತ್ತದೆ. ಮೈಕಿನ ಬಲವನ್ನು ಹೆಚ್ಚಿಸುವ 'ಬೂಸ್ಟ್' ಎಂಬ ಗುಂಡಿ ಇದ್ದರೆ ಅದನ್ನು ತಗ್ಗಿಸಿ, ಮೈಕನ್ನೇ ಬಾಯಿಗೆ ಹತ್ತಿರ ತನ್ನಿರಿ.

'ಕೀಂ' ಎಂಬುದು ಸೊಳ್ಳೆಯ ಸದ್ದಿನಂತಿದ್ದು, ಮೌಸ್ ಸರಿಸಿದಾಗ, ಪರದೆಯ ಮೇಲಿನ ಪುಟ ಜರುಗಿದಾಗ ರಾಗ ಬದಲಿಸುತ್ತದೆ. ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಭಾಗಗಳು ಕ್ಷಣಕ್ಷಣಕ್ಕೂ ಹೆಚ್ಚುಕಡಮೆ ವಿದ್ಯುತ್ತನ್ನು ಎಳೆದುಕೊಳ್ಳುತ್ತವೆ. ಆ ಏರಿಳಿತ ನೆರೆಯಲ್ಲಿಯೇ ಇರುವ ಧ್ವನಿಯ ಭಾಗಕ್ಕೆ ಸೋರುತ್ತದೆ. ಮುಂಭಾಗದ ರಂಧ್ರಕ್ಕೆ ಹೋಗುವ ತಂತಿ ಪೆಟ್ಟಿಗೆಯೊಳಗೆ ಈ ಗದ್ದಲದ ಮಧ್ಯೆಯೇ ಹಾದುಬರುವುದರಿಂದ ಅಲ್ಲಿ ಸದ್ದು ಹೆಚ್ಚು. ತಂತಿಯನ್ನು ಕಂಪ್ಯೂಟರಿನ ಹಿಂಭಾಗದ ಹಸಿರು ಬಣ್ಣದ ರಂಧ್ರಕ್ಕೆ ಬದಲಿಸಿರಿ. ಅದರಿಂದಲೂ ಹೋಗದಿದ್ದರೆ, ಯು.ಎಸ್.ಬಿ. ರಂಧ್ರಕ್ಕೆ ಸಿಕ್ಕಿಸುವ ಸಣ್ಣ ಧ್ವನಿ ಸಾಧನಗಳು ಅಂಗಡಿಯಲ್ಲಿ ಸಿಗುತ್ತವೆ. ಅಂಕಿಗಳನ್ನು ದನಿಯಾಗಿ ಮಾರ್ಪಡಿಸುವ ಕೆಲಸ ಆಗ ಪೆಟ್ಟಿಗೆಯ ಹೊರಗೆ ನಡೆಯುವುದರಿಂದ ಸಾಮಾನ್ಯವಾಗಿ ಸದ್ದು ಅಡಗುತ್ತದೆ.

'ಚಟಪಟ' ಎಂಬುದಕ್ಕೆ ಎರಡು ಕಾರಣ. ತಂತಿಯನ್ನು ಅಲುಗಿಸಿದಾಗ ಬಂದರೆ ರಂಧ್ರದಲ್ಲಿ ಧೂಳು ಕೂತಿದೆ, ಇಲ್ಲವೆ ತಂತಿ ಒಳಗೇ ಮುರಿದಿದೆ; ಒರಸುವುದು ಅಥವಾ ಬದಲಿಸುವುದು, ಅಷ್ಟೆ. ತಂತಿ ಅಲುಗದಿದ್ದರೂ, ಕಂಪ್ಯೂಟರಿಗೆ ಕೆಲಸ ಹೆಚ್ಚಾದಾಗ ಮಾತ್ರ ಬಂದರೆ ಅದು ವಿದ್ಯುತ್ತಿನ ದೋಷವೇ ಅಲ್ಲ. ಕಂಪ್ಯೂಟರು ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ ೪೪,೧೦೦ ಅಥವಾ ೪೮,೦೦೦ ತುಣುಕುಗಳಾಗಿ ಸಾಲಾಗಿ ಬಡಿಸುತ್ತದೆ. ಬಡಿಸುವವನು ಬೇರೆ ಕೆಲಸಕ್ಕೆ ಓಡಿದರೆ ಪಂಕ್ತಿಯಲ್ಲಿ ಎಲೆ ಬರಿದಾಗುವಂತೆ, ತುಣುಕು ತಪ್ಪಿದಲ್ಲಿ 'ಚಟ್' ಎನ್ನುತ್ತದೆ. ಬೇಡದ ಕಾರ್ಯಕ್ರಮಗಳನ್ನು ಮುಚ್ಚುವುದೇ ಇದಕ್ಕೆ ಮದ್ದು. ಇದಲ್ಲದೆ, ಮೊಬೈಲ್ ಫೋನು ಸ್ಪೀಕರಿನ ಪಕ್ಕದಲ್ಲಿದ್ದು, ಕರೆ ಬರುವ ಮುನ್ನ 'ಟಿರ್ ಟಿರ್ ಟಿರ್' ಎಂದರೆ ಅದು ಎರಡನೆಯ ಪೀಳಿಗೆಯ ಫೋನಿನ ಗುಣ. ಸೆಕೆಂಡಿಗೆ ಸುಮಾರು ೨೧೭ ಸಲ ಮಿಡಿಯುವ ಅದರ ತರಂಗವನ್ನು ಸ್ಪೀಕರಿನ ತಂತಿ ಹೀರಿಕೊಳ್ಳುತ್ತದೆ. ಫೋನನ್ನು ಒಂದು ಮಾರು ದೂರವಿಟ್ಟರಾಯಿತು.

ಈಗ ನನ್ನನ್ನು ಕಾಡಿದ 'ಗುಂಯ್'. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸುಮಾರು ೨೩೦ ವೋಲ್ಟಿನದು. ಸೆಕೆಂಡಿಗೆ ೫೦ ಆವರ್ತ ಹಿಂದುಮುಂದಾಗಿ ಹರಿಯುತ್ತದೆ. ಈ ೫೦ ಮತ್ತು ಅದರ ಮಗ್ಗಿಯ ೧೦೦, ೧೫೦ ಆವರ್ತಗಳೇ ಗುಂಯ್ ಎಂದು ಕೇಳಿಸುವುವು. ರೆಕಾರ್ಡು ಮಾಡಿದ ಮೇಲೆ ಕಂಪ್ಯೂಟರಿನಲ್ಲಿಯೇ ಇದನ್ನು ಸೋಸಿಬಿಡಬಾರದೇ ಎಂದರೆ, ಗಂಡಸಿನ ದನಿಯ ತಗ್ಗಿನ ಸ್ವರಗಳಿರುವುದೂ ಆ ೧೦೦, ೧೫೦ರ ಆಸುಪಾಸಿನಲ್ಲಿಯೇ. ಜರಡಿಯಲ್ಲಿ ಕಲ್ಲಿನೊಂದಿಗೆ ಅಕ್ಕಿಯೂ ಹೋಗುತ್ತದೆ. ಆದಕಾರಣ ಮೂಲದಲ್ಲಿಯೇ ತಡೆಯಬೇಕು.

ಮೂಲ ಯಾವುದು? ನನ್ನ ಕಂಪ್ಯೂಟರು ಮಾನಿಟರಿನೊಂದಿಗೆ ಒಂದು ಗೋಡೆಯ ಪ್ಲಗ್ಗಿನಲ್ಲಿತ್ತು, ಆಂಪ್ಲಿಫೈಯರು ಎದುರು ಗೋಡೆಯ ಪ್ಲಗ್ಗಿನಲ್ಲಿತ್ತು. ಎರಡಕ್ಕೂ ಮೂರು ಕಾಲಿನ ಪ್ಲಗ್ಗು, ಎಂದರೆ ಎರಡಕ್ಕೂ ಭೂಸಂಪರ್ಕ. ಎಲ್ಲರೂ ಅನ್ನುವ 'ಅರ್ತ್'. ಈ ಎರಡು ಅರ್ತ್‌ಗಳ ಮಟ್ಟ ಒಂದೇ ಆಗಿರಬೇಕಾದುದು ನ್ಯಾಯ. ವಾಸ್ತವವಾಗಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಎರಡು ಕೆರೆಗಳ ನೀರಿನ ಮಟ್ಟದಲ್ಲಿ ಒಂದಂಗುಲ ವ್ಯತ್ಯಾಸವಿದ್ದರೂ ನಡುವೆ ಕಾಲುವೆ ತೋಡಿದರೆ ನೀರು ಹರಿಯದೆ ಇರುವುದೇ? ಧ್ವನಿಯ ತಂತಿಯ ಹೊರಹೆಣಿಗೆಯೇ ಆ ಕಾಲುವೆ. ಅದರಲ್ಲಿ ಹರಿದ ೫೦ ಆವರ್ತದ ವಿದ್ಯುತ್ತು ದನಿಯೊಡನೆ ಬೆರೆಯುತ್ತದೆ. ಇದಕ್ಕೆ 'ಗ್ರೌಂಡ್ ಲೂಪ್' ಎಂದು ಹೆಸರು.

ನಾನು ಎಡವಿದ್ದು ಇಲ್ಲಿಯೇ. ಪರಿಚಯದ ಹುಡುಗನೊಬ್ಬ ಬಂದು, "ಮೇಷ್ಟ್ರೇ, ಆ ದಪ್ಪ ಪಿನ್ ತೆಗೆದುಬಿಡಿ, ಸದ್ದೇ ಇರೋಲ್ಲ" ಎಂದನು. ಕಂಪ್ಯೂಟರೂ ಮಾನಿಟರೂ ಸೇರಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಿನಿಂದ ಅರ್ತ್ ಕಾಲನ್ನು ಬಿಚ್ಚಿದೆವು. ಸದ್ದು ನಿಂತಿತು. ನನಗೆ ಹಿಗ್ಗು. ಸಂಜೆ ಕೆಲಸ ಮುಗಿಸಿ ಧ್ವನಿಯ ತಂತಿಯನ್ನು ಕಿತ್ತೆನು; ಕೈ ಕಂಪ್ಯೂಟರಿನ ಕಬ್ಬಿಣದ ಮೈಗೆ ತಗಲಿದೊಡನೆ ಜುಮ್ಮೆಂದಿತು. ಮರುದಿನ ಕರೆಸಿದ ಎಲೆಕ್ಟ್ರಿಷಿಯನ್ನರು ಟೆಸ್ಟರನ್ನು ಪೆಟ್ಟಿಗೆಗೆ ಮುಟ್ಟಿಸಿದರೆ ಅದರ ದೀಪ ಮಿಣಮಿಣ ಉರಿಯಿತು. ಅವರು ಪ್ಲಗ್ಗನ್ನು ಕೈಗೆತ್ತಿಕೊಂಡು, "ಏನ್ ಸ್ವಾಮಿ, ಮೂರನೇ ಕಾಲು ಎಲ್ಲಿ?" ಎಂದು ಕೇಳಿದರು. ತಲೆ ತಗ್ಗಿಸಿದೆನು.

ಅವರು ಹೇಳಿದ ವಿವರ ಹೀಗೆ. ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಭಾಗದಲ್ಲಿ, ಹೊರಗೆ ಕಿರುಕುಳ ಹಬ್ಬದಿರಲೆಂದು ಇಟ್ಟ ಸಣ್ಣ ಕೆಪಾಸಿಟರುಗಳಿವೆ. ಅವು ಅತ್ಯಲ್ಪ ವಿದ್ಯುತ್ತನ್ನು ಪೆಟ್ಟಿಗೆಯ ಮೈಗೆ ಸೋರಿಸುತ್ತವೆ. ಅರ್ತ್ ಇದ್ದರೆ ಅದು ನೆಲಕ್ಕಿಳಿದುಹೋಗುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಎಂದರೆ ೧೧೫ರ ಆಸುಪಾಸಿನಲ್ಲಿ ನಿಂತಿರುತ್ತದೆ. ಪ್ರವಾಹ ಅತ್ಯಲ್ಪವಾದುದರಿಂದ ಜುಮ್ಮೆನ್ನುವುದಷ್ಟೆ. ಬೆಳಗಿನಿಂದ ಅಷ್ಟು ಹೊತ್ತೂ ಆ ಸಣ್ಣ ಧ್ವನಿಯ ತಂತಿಯೇ ಕಂಪ್ಯೂಟರಿಗೆ ಅರ್ತ್ ಆಗಿತ್ತು. ಅದನ್ನು ಕಿತ್ತೊಡನೆ ಗುಟ್ಟು ಹೊರಬಿತ್ತು. ಆದರೆ ಒಂದು ದಿನ ಒಳಗಿನ ಫೇಸ್ ತಂತಿಯ ಹೊದಿಕೆ ಹರಿದು ಪೆಟ್ಟಿಗೆಗೆ ತಗಲಿತೆನ್ನಿ. ಅರ್ತ್ ಇದ್ದರೆ ಭಾರಿ ಪ್ರವಾಹ ಹರಿದು ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ನೆಲಕ್ಕೆ ದಾರಿ. ಮೂರನೆಯ ಕಾಲನ್ನು ಉದ್ದವಾಗಿ ಮಾಡಿರುವುದು ಸಹ ಇದಕ್ಕಾಗಿಯೇ: ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಅರ್ಥವಿಲ್ಲದ ಮಾತಿನಿಂದ ಬೇಸರ ಬಂದೀತು. ಅರ್ತ್ ಇಲ್ಲದ ಯಂತ್ರದಿಂದ ಪ್ರಾಣವೇ ಹೋದೀತು.

ಹಾಗಾದರೆ ಸರಿಯಾದ ದಾರಿ ಯಾವುದು? ಕಂಪ್ಯೂಟರನ್ನೂ ಮಾನಿಟರನ್ನೂ ಆಂಪ್ಲಿಫೈಯರನ್ನೂ, ಅರ್ತ್ ಸರಿಯಾಗಿರುವ ಒಂದೇ ಬೋರ್ಡಿಗೆ ಸಿಕ್ಕಿಸುವುದು ಮೊದಲನೆಯದು. ಎರಡು ಕೆರೆ ಹೋಗಿ ಒಂದೇ ಕೆರೆಯಾದ ಮೇಲೆ ಹರಿಯುವುದೇನು? ನನ್ನ ಸದ್ದು ಇಷ್ಟರಿಂದಲೇ ಬಹುಮಟ್ಟಿಗೆ ಇಳಿಯಿತು. ಉಳಿದ ಚೂರಿಗೆ 'ಗ್ರೌಂಡ್ ಲೂಪ್ ಐಸೊಲೇಟರ್' ಎಂಬ ಸಣ್ಣ ಡಬ್ಬಿಯನ್ನು ಧ್ವನಿಯ ತಂತಿಯ ನಡುವೆ ಸೇರಿಸಿದೆನು. ಅದರೊಳಗೆ ಒಂದಕ್ಕೊಂದು ತಾಗದ ಎರಡು ಸುರುಳಿಗಳಿವೆ. ದನಿ ಕಾಂತಶಕ್ತಿಯ ಮೂಲಕ ದಾಟುತ್ತದೆ, ಲೋಹದ ಸಂಪರ್ಕ ಮಾತ್ರ ಕಡಿಯುತ್ತದೆ. ಕಡಿಯಬೇಕಾದದ್ದು ಧ್ವನಿಯ ತಂತಿಯ ಆ ಸಂಪರ್ಕವನ್ನು, ಅರ್ತನ್ನಲ್ಲ. ನಿಮ್ಮ ಕಂಪ್ಯೂಟರನ್ನು ಮುಟ್ಟಿದಾಗ ಎಂದಾದರೂ ಜುಮ್ಮೆಂದರೆ, ಸದ್ದಿರಲಿ ಇಲ್ಲದಿರಲಿ, ತಿಳಿದವರಿಂದ ಅರ್ತ್ ಪರೀಕ್ಷೆ ಮಾಡಿಸಿರಿ.

ಕೊನೆಯದಾಗಿ, ರೇಡಿಯೊ ಇರುವ ಮನೆಗೆ ಮಾತ್ರ ದಕ್ಕುವ ಒಂದು ಉಪಾಯ. ಸದ್ದು ಮನೆಯ ಬೇರಾವುದೋ ಸಾಮಾನಿನಿಂದ ಬರುತ್ತಿದೆಯೆಂದು ಅನುಮಾನವಿದ್ದರೆ ನಿಮ್ಮ ಸಣ್ಣ ಟ್ರಾನ್ಸಿಸ್ಟರನ್ನೇ ಪತ್ತೇದಾರನನ್ನಾಗಿ ಮಾಡಿರಿ. ಬ್ಯಾಟರಿಯಲ್ಲಿ ನಡೆಯುವಂತಿಟ್ಟು, ಮಧ್ಯಮ ತರಂಗದಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಕೋಣೆಕೋಣೆಗೂ ಕೊಂಡೊಯ್ಯಿರಿ. ಅಗ್ಗದ ಎಲ್.ಇ.ಡಿ. ಬಲ್ಬು, ಫೋನಿನ ಚಾರ್ಜರು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರು: ಇವುಗಳಲ್ಲಿ ತಪ್ಪಿತಸ್ಥ ಯಾವುದೋ ಅದರ ಬಳಿ ಗೊರಗೊರ ಜೋರಾಗುತ್ತದೆ. ರೇಡಿಯೊವನ್ನು ಮೆಲ್ಲನೆ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಸದ್ದು ಕುಗ್ಗುವುದೂ ಉಂಟು. ಒಳಗಿನ ಫೆರೈಟ್ ಕಡ್ಡಿಯ ತುದಿ ಆಗ ತಪ್ಪಿತಸ್ಥನ ಕಡೆಗೆ ಮುಖಮಾಡಿರುತ್ತದೆ. ಒಂದೊಂದನ್ನೇ ಆರಿಸುತ್ತ ಬನ್ನಿ. ಎರಡನ್ನು ಒಟ್ಟಿಗೆ ಆರಿಸಿದರೆ ಕಳ್ಳನಾರು ಸಾಧುವಾರು ತಿಳಿಯದು. ಬಲ್ಬು ಬದಲಾದರೆ ಕಂಪ್ಯೂಟರಿಗೂ ಸುಖ, ರೇಡಿಯೊಕ್ಕೂ ಸುಖ.

ಆರು ಕ್ಯಾಸೆಟ್ಟುಗಳೂ ಈಗ ಕಂಪ್ಯೂಟರಿನಲ್ಲಿ ಕ್ಷೇಮವಾಗಿವೆ. ಮೂರು ಕಾಲಿನ ಪ್ಲಗ್ಗೂ ಮೂರು ಕಾಲಿನ ಮೇಲೆಯೇ ನಿಂತಿದೆ. ಮೂರನೆಯ ಕ್ಯಾಸೆಟ್ಟಿನಲ್ಲಿ ತಂದೆಯವರು ಒಂದು ಪದ್ಯ ಮುಗಿಸಿ ಉಸಿರೆಳೆದುಕೊಳ್ಳುವಾಗ, ಒಳಗಿನಿಂದ ನಮ್ಮ ತಾಯಿಯವರು "ಕಾಫಿ ಆರಿಹೋಗುತ್ತೆ" ಎನ್ನುವುದು ಕೇಳಿಸುತ್ತದೆ. ಗುಂಯ್ ಎನ್ನುವ ಸದ್ದಿನ ಅಡಿಯಲ್ಲಿ ಆ ಮಾತು ಇದೆಯೆಂಬುದೇ ನಮಗೆ ಗೊತ್ತಿರಲಿಲ್ಲ.