ಬಣ್ಣ ಬ್ಯಾಡ, ಬ್ಯಾಡಗಿ ಸಾಕು

ಸಂಜೀಮುಂದ ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಪ್ಯಾಟ್ಯಾಗ ನಿಂತರೂ ಗೋಬಿ ಬಂಡಿ ವಾಸನೆ ಮೂಗಿಗೆ ಬಡೀತೈತಿ. ಮಕ್ಕಳು ಕೈ ಹಿಡಿದು ಜಗ್ಗತಾವು. ಆದರ ಗೋಬಿಗೆ ಆ ಕೆಂಪು ಬಣ್ಣ ಎಲ್ಲಿಂದ ಬಂತು?

2024ರಾಗ ಆರೋಗ್ಯ ಇಲಾಖೆ ರಾಜ್ಯದ 171 ಗೋಬಿ ಮಾದರಿ ಪರೀಕ್ಷೆ ಮಾಡಿಸಿತು. 107ರಾಗ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಮಾರ್ಚ್ 11ಕ್ಕ ನಿಷೇಧ ಆತು. ನಿಷೇಧ ಬಣ್ಣಕ್ಕ, ಗೋಬಿಗಲ್ಲ. ಹಂಗಾದರ ಮನ್ಯಾಗ ಮಾಡೋಣ ಬರ್ರಿ.

ಕೆಂಪಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಐತಿ. ಖಾರ ಕಡಿಮೆ, ಬಣ್ಣ ಭಾಳ. ಆರು ಕಾಯಿ ಬೀಜ ತೆಗದು, ಬಿಸಿನೀರಾಗ 20 ನಿಮಿಷ ನೆನಸಿ ನುಣ್ಣಗ ರುಬ್ಬರಿ. ಮಿಕ್ಸರ್ ಮುಚ್ಚಳ ತೆಗೆದು ನೋಡ್ರಿ, ಕುಂಕುಮ ಕಲಸಿಟ್ಟಂಗ ಕಾಣತೈತಿ!

ಹೂಕೋಸು ಬಿಡಿಸಿ, ಉಪ್ಪು-ಅರಿಷಿಣದ ಬಿಸಿನೀರಾಗ 5 ನಿಮಿಷ ಇಟ್ಟು, ಬಟ್ಟೆ ಮ್ಯಾಲೆ ಪೂರ್ತಿ ಆರಸ್ರಿ. ಹಸಿ ಉಳದರ ಗರಿಗರಿ ಆಗಂಗಿಲ್ಲ, ಇಲ್ಲೇ ಭಾಳ ಮಂದಿ ತಪ್ಪತಾರ. 4 ಚಮಚ ಮೈದಾ, 3 ಚಮಚ ಅಕ್ಕಿಹಿಟ್ಟು, ಉಪ್ಪು, ರುಬ್ಬಿದ ಮೆಣಸಿನಕಾಯಿ ಪೇಸ್ಟಿನಾಗ ಅರ್ಧ. ಗಟ್ಟಿಯಾಗಿ ಕಲಸಿ, ಹೂಕೋಸು ಅದ್ದಿ ಕರೀರಿ. ಕರಿದ ಎಣ್ಣಿ ಮತ್ತ ಮತ್ತ ಕಾಸಬ್ಯಾಡ್ರಿ.

ಕರಿದ ಬಾಣಲಿಯಾಗ ಸ್ವಲ್ಪ ಎಣ್ಣಿ ಉಳಿಸಿ ಬಳ್ಳೊಳ್ಳಿ, ಹಸಿಶುಂಠಿ, ಉಳ್ಳಾಗಡ್ಡಿ ಹುರೀರಿ. ಉಳಿದ ಪೇಸ್ಟ್, ಒಂದು ಚಮಚ ಸೋಯಾ ಸಾಸ್, ವಿನೆಗರ್ ಬದಲು ಹುಣಸಿಹುಳಿ, ಕಡ್ಲಿಯಷ್ಟು ಬೆಲ್ಲ. ಕುದ್ದ ಮ್ಯಾಲೆ ಗೋಬಿ ಹಾಕಿ ಎರಡ ಸಲ ತಿರುವಿ ಇಳಸ್ರಿ.

ಬಂಡಿಗೆ ಹೋದಾಗೂ ಒಂದು ಮಾತು ಹೇಳ್ರಿ: ಅಣ್ಣಾ, ಬಣ್ಣ ಹಾಕಬ್ಯಾಡ, ಬ್ಯಾಡಗಿ ಹಾಕಿ ಕೊಡು.